ಹದಿನಾಲ್ಕನೇ ದಿನದ ಕೊಡೆ

ಮನೆ ಅಂದರೆ ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಅತ್ತೆ ಮಾವ, ಒಳಗಿನ ಕೋಣೆಯಲ್ಲಿ ಮಗ ಸೊಸೆ, ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕವೂ ಸರಿಯಾಗಿ ಬೀಳುತ್ತಿರಲಿಲ್ಲ. ಇಂಥ ಮನೆಯಲ್ಲಿ ಗುಟ್ಟು ಅನ್ನುವುದು ಎಲ್ಲಿ ನಿಂತೀತು? ಒಳಗೆ ಸೀನಿದರೆ ಹೊರಗಿನಿಂದ "ಶೀತ ಆಯ್ತಾ?" ಅಂತ ಕೇಳುತ್ತಿದ್ದರು.

ಸೊಸೆ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಸೂಜಿ ಅಂತಲೇ ಕರೆಯುತ್ತಿದ್ದರು. ಕೆಲಸಕ್ಕೂ ಆ ಹೆಸರು ಒಪ್ಪುತ್ತಿತ್ತು, ಮಾತಿಗೂ ಒಪ್ಪುತ್ತಿತ್ತು. ಗಂಡನಿಗೆ ಬೇಕರಿಯ ಒಲೆ ಮುಂದೆ ಕೆಲಸ. ಬೆಳಕು ಹರಿಯುವ ಮುಂಚೆ ಹೋದರೆ ಮಧ್ಯಾಹ್ನ ಕಳೆದ ಮೇಲೆ ಬರುತ್ತಿದ್ದ. ಮದುವೆಯಾಗಿ ಮೂರು ವರ್ಷ, ಮಗು ಬೇಕು ಅಂತ ಕಾಯತೊಡಗಿ ಎರಡು ವರ್ಷ. ಮಗು ಮಾತ್ರ ಆಗಿರಲಿಲ್ಲ.

ಆಗಲಿಲ್ಲವಲ್ಲ ಅಂತ ಅತ್ತೆ ಸುಮ್ಮನೆ ಕೂತವರಲ್ಲ. ದೂರದ ನೆಂಟರ ಮಗಳೊಬ್ಬಳು "ಮುಟ್ಟಾದ ಹದಿನಾಲ್ಕನೇ ದಿನ ಸೇರಿದರೆ ಮಗು ಗ್ಯಾರಂಟಿ" ಅಂದಿದ್ದಳಂತೆ. ಅವತ್ತಿನಿಂದ ಆ ಮನೆಗೆ ಅದೇ ಕಾನೂನು. ಸೊಸೆ ಮುಟ್ಟಾದ ದಿನದಿಂದ ಅತ್ತೆ ಬೆರಳು ಮಡಚುತ್ತಾ ಬರುತ್ತಿದ್ದರು. ಹದಿನಾಲ್ಕನೇ ಬೆರಳು ಮಡಚಿದ ಸಂಜೆ ಗೋಡೆಯ ಮೊಳೆಯಿಂದ ಕರಿ ಕೊಡೆ ತೆಗೆದು ಮಾವನ ಕೈಗೆ ಕೊಡುತ್ತಿದ್ದರು.

"ಏಳಿ, ಸ್ವಲ್ಪ ಗಾಳಿಗೆ ಹೋಗಿ ಬರೋಣ."

"ನಂಗೆ ಗಾಳಿ ಬೇಡ ಕಣೇ. ಮಂಡಿ ನೋಯ್ತಿದೆ."

"ಏಳಿ ಅಂದ್ರೆ ಏಳ್ಬೇಕು. ಇವತ್ತು ಆ ದಿನ!"

ಮಾವ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಳೆ ಇಲ್ಲದಿದ್ದರೂ, ಬಿಸಿಲಿಲ್ಲದಿದ್ದರೂ ಆ ಕೊಡೆ ಊರಿಕೊಂಡು, ಕುಂಟುತ್ತಾ ಪಾರ್ಕಿನ ಬೆಂಚಿನವರೆಗೆ ಹೋಗಿ ಕೂರುತ್ತಿದ್ದರು. ಬೀದಿ ತುದಿಯ ಇಸ್ತ್ರಿಯವನು ಅವರನ್ನು ಕಂಡ ಕೂಡಲೇ ಪೆಟ್ಟಿಗೆ ಎತ್ತಿಟ್ಟು, "ಏನ್ ಯಜಮಾನ್ರೇ, ಕೊಡೆ ಹೊರಟಿತಲ್ಲ!" ಅಂತ ಹಲ್ಲು ಬಿಡುತ್ತಿದ್ದ. ನಲ್ಲಿ ಹತ್ತಿರದ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಡಂಗುರ ಸಾರಿದ್ದರೂ ಇಷ್ಟು ಚೆನ್ನಾಗಿ ಸುದ್ದಿ ಹರಡುತ್ತಿರಲಿಲ್ಲ. ಮರುದಿನ ಸೂಜಿ ನೀರಿಗೆ ಹೋದರೆ ಕೊಡ ತುಂಬುವಷ್ಟು ಹೊತ್ತೂ ತಲೆ ಎತ್ತುವ ಹಾಗಿರಲಿಲ್ಲ.

ಇನ್ನು ಗಂಡನ ಕಥೆ ಬೇರೆ. ಬೇಕರಿಯ ಹಿರಿಯ ಮೇಸ್ತ್ರಿ ಅವನ ಕಿವಿ ಊದಿದ್ದ. "ಹನಿ ಹನಿ ಗೂಡಿದರೆ ಹಳ್ಳ ಕಣಯ್ಯಾ. ಸುಮ್ನೆ ಖರ್ಚು ಮಾಡಬೇಡ, ಕೂಡಿಡು. ಹಿಟ್ಟು ಕೂಡ ಹೊತ್ತು ಬಿಟ್ಟರೆ ತಾನೇ ಉಬ್ಬೋದು?" ಈ ಮಹಾ ಉಪದೇಶ ಕೇಳಿದ ಮೇಲೆ ಗಂಡರಾಯ ತಿಂಗಳೆಲ್ಲ ಹೆಂಡತಿಯ ಹತ್ತಿರ ಸುಳಿಯುವುದನ್ನೇ ಬಿಟ್ಟ. ಎಷ್ಟೋ ದಿನ ಬೇಕರಿಯಲ್ಲೇ ಹಿಟ್ಟಿನ ಮೂಟೆಗಳ ಪಕ್ಕ ಮಲಗುತ್ತಿದ್ದ. ಹದಿನಾಲ್ಕನೇ ದಿನ ಮಾತ್ರ ಪರೀಕ್ಷೆಗೆ ಕೂರುವ ಹುಡುಗನ ಹಾಗೆ ಬೆವರುತ್ತಾ ಮನೆಗೆ ಬರುತ್ತಿದ್ದ. ಬಂದವನಿಗೆ ನಗು ಇಲ್ಲ, ಮಾತಿಲ್ಲ. ಎಷ್ಟೋ ಸಲ ಆ ಬೆವರಿನಲ್ಲೇ ದಿನ ಮುಗಿಯುತ್ತಿತ್ತು, ಬೇರೇನೂ ನಡೆಯುತ್ತಿರಲಿಲ್ಲ. ಇಬ್ಬರೂ ಮಂಚದ ಎರಡು ತುದಿಯಲ್ಲಿ ಕೂತು ಮಾವನ ಕೆಮ್ಮು ಕೇಳಿಸುವುದನ್ನೇ ಕಾಯುತ್ತಿದ್ದರು.

ಸೂಜಿಗೆ ಮಗು ಬೇಡವಾಗಿತ್ತೇ? ಬೇಕಿತ್ತು. ಅಂಗಡಿಯಲ್ಲಿ ಪುಟ್ಟ ಫ್ರಾಕುಗಳಿಗೆ ಗುಂಡಿ ಹಾಕುವಾಗ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು. ಆದರೆ ಈಚೀಚೆಗೆ ಗಂಡನ ಮುಖ ಕಂಡರೂ ಅವಳಿಗೆ ಕೊಡೆಯೇ ನೆನಪಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಬಾಗಿಲ ಆಚೆಯಿಂದ ಅತ್ತೆಯ ಪಿಸುಮಾತು ಕೇಳಿಸಿತು. "ಇನ್ನೊಂದೆರಡು ತಿಂಗಳು ನೋಡೋಣ ಕಣೋ. ಆಗಲಿಲ್ಲ ಅಂದ್ರೆ ಬೇರೆ ದಾರಿ ನೋಡ್ಲೇಬೇಕು. ನಿಂಗೂ ವಯಸ್ಸಾಗ್ತಾ ಬಂತು."

ಬೇರೆ ದಾರಿ ಅಂದರೆ ಬೇರೆ ಹುಡುಗಿ. ಅಷ್ಟು ತಿಳಿಯದವಳಲ್ಲ ಸೂಜಿ. ಗಂಡ ಏನನ್ನುತ್ತಾನೋ ಅಂತ ಉಸಿರು ಬಿಗಿಹಿಡಿದು ಕಾದಳು. ಗಂಡ ಏನೂ ಅನ್ನಲಿಲ್ಲ. ಅತ್ತೆಯ ಮಾತಿಗಿಂತ ಆ ಸುಮ್ಮನಿರುವಿಕೆಯೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಮತ್ತೆ ಹದಿನಾಲ್ಕನೇ ದಿನ ಬಂತು. ಅತ್ತೆ ಕೊಡೆ ತೆಗೆದರು. ಮಾವ "ಅಯ್ಯೋ ನನ್ನ ಮಂಡಿ" ಅಂತ ಏಳತೊಡಗಿದರು. ಗಂಡ ಕೈಕಾಲು ತೊಳೆದು, ಕಳ್ಳನ ಹಾಗೆ ಬಾಗಿಲಲ್ಲಿ ನಿಂತ. ಸೂಜಿಗೆ ಅದೆಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಸರಕ್ಕನೆ ಬಂದು ಮಾವನ ಕೈಯಿಂದ ಕೊಡೆ ಕಿತ್ತುಕೊಂಡಳು.

"ನೀವು ಕೂತ್ಕೊಳ್ಳಿ ಮಾವ. ನೀವೆಲ್ಲ ಮನೇಲೇ ಇರಿ. ಇವತ್ತು ಗಾಳಿಗೆ ನಾನು ಹೋಗ್ತೀನಿ!"

ಚಪ್ಪಲಿ ಮೆಟ್ಟಿ, ಕೊಡೆ ಬಿಚ್ಚಿ, ತಲೆ ಮೇಲೆ ಹಿಡಿದು ಬೀದಿ ನಡುವೆಯೇ ಹೊರಟಳು. ಇಸ್ತ್ರಿಯವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಅವಳು ಹೋದದ್ದು ನರ್ಸಕ್ಕನ ಮನೆಗೆ. ಈ ನರ್ಸಕ್ಕ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಹೊಲಿಗೆ ಅಂಗಡಿಗೆ ಬಹಳ ದಿನದ ಗಿರಾಕಿ. ಆಗಷ್ಟೇ ಡ್ಯೂಟಿ ಮುಗಿಸಿ ಬಂದು, ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕಣ್ಣು ಮುಚ್ಚಿ ಕೂತಿದ್ದರು.

"ಕೊಡೆ ಯಾಕೆ ಬಿಚ್ಚಿದ್ದೀಯ? ಮಳೆ ಎಲ್ಲಿದೆ?"

ಅಷ್ಟು ಕೇಳಿದ್ದೇ ತಡ, ಸೂಜಿ ಅಳುತ್ತಾ, ಬೈಯುತ್ತಾ, ಮತ್ತೆ ಅಳುತ್ತಾ ಎಲ್ಲವನ್ನೂ ಹೇಳಿದಳು. ಕೊಡೆ, ಬೆರಳು, ಮೇಸ್ತ್ರಿ, ಹಿಟ್ಟಿನ ಮೂಟೆ, ಬೇರೆ ದಾರಿ, ಯಾವುದನ್ನೂ ಬಿಡಲಿಲ್ಲ. ನರ್ಸಕ್ಕ ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು.

"ನಿಂಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತೆ?"

"ಐದು ವಾರಕ್ಕೊಮ್ಮೆ ಅಕ್ಕ. ಮೊದಲಿಂದಲೂ ಹಾಗೇ."

ನರ್ಸಕ್ಕ ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಅತ್ತೆ ಬಾಗಿಲಿಗೆ ಬಂದರು. "ಏನೇ ಇದು! ಇವತ್ತು ಎಂಥಾ ದಿನ ಅನ್ನೋ ಜ್ಞಾನ ಬೇಡ್ವಾ?" ಅವರ ಹಿಂದೆ ಗಂಡ. ಅವನ ಹಿಂದೆ, ತಮ್ಮ ಪಾಡಿಗೆ ತಾವು ನಿಧಾನವಾಗಿ, ಮಾವ.

"ಬನ್ನಿ, ಬನ್ನಿ," ಅಂದರು ನರ್ಸಕ್ಕ. "ಇನ್ನೂ ಯಾರಾದ್ರೂ ಬಾಕಿ ಇದ್ದಾರಾ? ಇಸ್ತ್ರಿಯವನನ್ನೂ ಕರೆದುಬಿಡಿ. ಅವನಿಗೂ ಎಲ್ಲ ಗೊತ್ತಲ್ಲ."

ಅತ್ತೆ ಸೆರಗು ಬಾಯಿಗೆ ಹಿಡಿದರು. "ಗಂಡಸರ ಮುಂದೆ ಇದೆಲ್ಲ ಮಾತಾಡ್ತಾರೇನಮ್ಮಾ?"

"ಬೀದಿಗೆಲ್ಲ ಕೊಡೆ ತೋರಿಸುವಾಗ ಇಲ್ಲದ ನಾಚಿಕೆ ಈಗ್ಯಾಕಮ್ಮಾ? ಕೂತ್ಕೊಳ್ಳಿ. ಹದಿನಾಲ್ಕನೇ ದಿನ ಅಂತ ನಿಮಗೆ ಹೇಳಿದವರು ಯಾರು?"

"ನಮ್ಮ ನೆಂಟರ ಹುಡುಗಿ. ಅವಳಿಗೆ ಹಾಗೇ ಆಯ್ತಂತೆ."

"ಅವಳಿಗೆ ನಾಲ್ಕು ವಾರಕ್ಕೊಮ್ಮೆ ಮುಟ್ಟು ಬರ್ತಿರಬೇಕು, ಸರಿಹೋಯ್ತು. ಎಲ್ಲರಿಗೂ ಒಂದೇ ಅಳತೆ ಬ್ಲೌಸ್ ಹೊಲಿದರೆ ಆಗುತ್ತಾ, ಸೂಜಿ? ಹೆಣ್ಣಿನ ದೇಹದಲ್ಲಿ ಅಂಡ ಬಿಡುಗಡೆ ಆಗೋದು, ಮುಂದಿನ ಮುಟ್ಟು ಬರೋದಕ್ಕೆ ಸುಮಾರು ಎರಡು ವಾರ ಮುಂಚೆ. ಹಿಂದಿನ ಮುಟ್ಟಿಂದ ಎಣಿಸಿ ಎಲ್ಲರಿಗೂ ಹದಿನಾಲ್ಕು ಅಂದ್ರೆ ಲೆಕ್ಕ ತಪ್ಪುತ್ತೆ. ಇವಳಿಗೆ ಐದು ವಾರ. ಅಂದ್ರೆ ಮೂರು ವಾರ ಆದ ಮೇಲೆ ಅವಳ ಅಂಡ ಹೊರಡುತ್ತೆ. ನೀವು ಕೊಡೆ ಹಿಡಿದು ಹೊರಟಾಗ ಅದು ಇನ್ನೂ ಹೊರಟೇ ಇರೋದಿಲ್ಲ!"

ಅತ್ತೆ ಬೆರಳು ಮಡಚಿ ನೋಡಿದರು. ಮತ್ತೊಮ್ಮೆ ಮಡಚಿದರು.

"ಆ ಒಂದು ದಿನ ಯಾವುದು ಅಂತ ಸರಿಯಾಗಿ ಹೇಳಿಬಿಡಿ ಅಕ್ಕ," ಅಂದ ಗಂಡ. "ಆವತ್ತೇ ಬರ್ತೀನಿ."

"ನೋಡಿದ್ರಾ! ಮತ್ತೆ ಒಂದು ದಿನ!" ನರ್ಸಕ್ಕನಿಗೆ ತಲೆ ಚಿಟ್ಟುಹಿಡಿಯಿತು. "ಒಂದು ದಿನ ಅಲ್ಲಪ್ಪಾ. ಅಂಡ ಬಂದ ಮೇಲೆ ಬದುಕೋದು ಹೆಚ್ಚು ಅಂದ್ರೆ ಒಂದು ದಿನ. ಆದ್ರೆ ಗಂಡಸಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಎರಡು ಮೂರು ದಿನ, ಒಮ್ಮೊಮ್ಮೆ ಐದು ದಿನದವರೆಗೂ ಇರುತ್ತೆ. ಅದು ಮೊದಲೇ ಬಂದು ಅಂಡಕ್ಕಾಗಿ ಕಾಯ್ತಾ ಇರಬೇಕು. ಹಾಗಾಗಿ ಅಂಡ ಹೊರಡೋ ದಿನ, ಅದರ ಮುಂಚಿನ ನಾಲ್ಕೈದು ದಿನ, ಇಷ್ಟೂ ಒಳ್ಳೆಯ ಕಾಲವೇ."

ಅಲ್ಲಿಯವರೆಗೆ ಬಕೆಟ್ಟನ್ನೇ ಆಸೆಯಿಂದ ನೋಡುತ್ತಿದ್ದ ಮಾವ ಬಾಯಿಬಿಟ್ಟರು. "ಅಂದ್ರೆ ಬಸ್ಸು ಬರೋ ಮುಂಚೆ ಸ್ಟಾಪಲ್ಲಿ ನಿಂತಿರಬೇಕು."

"ಯಜಮಾನ್ರಿಗೆ ಅರ್ಥ ಆಯ್ತು. ನಿಮ್ಮ ಮಗ ಬಸ್ಸಿಗೆ ಒಂದು ವಾರ ಮುಂಚೆ ಬಂದು, ಕಾದು, ಬೇಜಾರಾಗಿ ವಾಪಸ್ ಹೋಗ್ತಿದ್ದಾನೆ. ಆಮೇಲೆ ಬಸ್ಸು ಬರುತ್ತೆ, ಸ್ಟಾಪಲ್ಲಿ ಯಾರೂ ಇಲ್ಲ."

"ಬಸ್ಸು ಯಾವಾಗ ಬರುತ್ತೆ ಅಂತ ಗೊತ್ತಾಗೋದು ಹೇಗಕ್ಕ?" ಸೂಜಿ ಕಣ್ಣೊರೆಸಿಕೊಂಡು ಕೇಳಿದಳು.

"ದೇಹವೇ ಹೇಳುತ್ತೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತೆ. ಅಂಡ ಹೊರಡೋ ಕಾಲ ಹತ್ತಿರ ಬಂದಾಗ ಸ್ರಾವ ತಿಳಿಯಾಗಿ, ಜಾರೋ ಹಾಗೆ, ಬೆರಳಲ್ಲಿ ಎಳೆದರೆ ದಾರದ ಹಾಗೆ ಬರುತ್ತೆ. ಹಸಿ ಮೊಟ್ಟೆಯ ಬಿಳಿ ಲೋಳೆ ಇರುತ್ತಲ್ಲ, ಥೇಟ್ ಹಾಗೇ. ನಿನ್ನ ಗಂಡ ಬೇಕರಿಯಲ್ಲಿ ದಿನಾ ನೋಡ್ತಾನೆ, ಕೇಳು."

"ಅಯ್ಯೋ, ಅದು ನಂಗೆ ಪ್ರತಿ ಸಲ ಬರುತ್ತೆ. ಏನೋ ಕಾಯಿಲೆ ಅಂದ್ಕೊಂಡು ಸುಮ್ಮನಿದ್ದೆ."

"ತುರಿಕೆ, ಕೆಟ್ಟ ವಾಸನೆ ಇದ್ದರೆ ಕಾಯಿಲೆ, ಆಗ ತೋರಿಸ್ಬೇಕು. ಇದು ಕಾಯಿಲೆ ಅಲ್ಲ, ಕರೆಗಂಟೆ. ನಿಂಗೆ ಯಾವಾಗ ಬರುತ್ತೆ?"

"ಕೊಡೆ ದಿನ ಕಳೆದು ನಾಲ್ಕೈದು ದಿನಕ್ಕೆ ಶುರುವಾಗುತ್ತೆ."

"ಆಗ ನಿನ್ನ ಗಂಡ ಎಲ್ಲಿರ್ತಾನೆ?"

"ಹಿಟ್ಟಿನ ಮೂಟೆ ಪಕ್ಕ. ಮುಂದಿನ ತಿಂಗಳಿಗೆ ಕೂಡಿಡ್ತಾ ಮಲಗಿರ್ತಾರೆ."

ಮಾವ ಮುಖ ತಿರುಗಿಸಿ ನಕ್ಕರು. ಗಂಡನ ಕಿವಿ ಕೆಂಪಾಯಿತು. "ನಮ್ಮ ಮೇಸ್ತ್ರಿ ಹೇಳಿದ್ರು ಅಕ್ಕ, ಅವರು ಅನುಭವಸ್ಥರು..."

"ಮೇಸ್ತ್ರಿಗೆ ಎಷ್ಟು ಮಕ್ಕಳು?"

"ಅವರಿಗೆ ಮದುವೆನೇ ಆಗಿಲ್ಲ."

ನರ್ಸಕ್ಕ ಒಂದು ಗಳಿಗೆ ಸೂರು ನೋಡಿದರು. "ಹಿಟ್ಟು ಕಲಸಿ ಮೂರು ವಾರ ಬಿಟ್ಟು ಬನ್ ಮಾಡ್ತೀಯಾ ನೀನು?"

"ಹುಳಿ ಬಂದು ಕೆಟ್ಟುಹೋಗುತ್ತೆ."

"ಇದೂ ಹಾಗೇ ಅಂದ್ಕೋ. ಬಹಳ ದಿನ ಕೂಡಿಟ್ಟರೆ ವೀರ್ಯಾಣುಗಳ ಚುರುಕು ಕಮ್ಮಿ ಆಗುತ್ತೆ, ಲಾಭ ಏನೂ ಇಲ್ಲ. ದಿನ ಎಣಿಸೋದು ನಿಮಗೆ ತಲೆನೋವಾದ್ರೆ ಎಣಿಸಲೇಬೇಡಿ. ತಿಂಗಳು ಪೂರ್ತಿ ಎರಡು ಮೂರು ದಿನಕ್ಕೊಮ್ಮೆ ಪ್ರೀತಿಯಿಂದ ಸೇರಿ, ಸಾಕು. ಬಸ್ಸು ಯಾವಾಗ ಬಂದರೂ ಸ್ಟಾಪಲ್ಲಿ ಜನ ಇರ್ತಾರೆ. ಸೇರಿದ ಮೇಲೆ ಕಾಲ ಕೆಳಗೆ ದಿಂಬು ಇಡೋದು, ಅಲ್ಲಾಡದೆ ಮಲಗೋದು, ಇಂಥದ್ದೇನೂ ಬೇಕಿಲ್ಲ."

ಅತ್ತೆ ಬೆಚ್ಚಿದರು. ದಿಂಬಿನ ಸಲಹೆಯೂ ಅವರದೇ ಆಗಿತ್ತು.

"ಆಯ್ತಮ್ಮಾ," ಅಂದರು ಅವರು ಸೋತ ದನಿಯಲ್ಲಿ. "ಹಾಗಿದ್ರೆ ಇವಳನ್ನ ಒಂದ್ಸಲ ಪರೀಕ್ಷೆ ಮಾಡಿಸಿಬಿಡಿ. ಎಲ್ಲಿ ತೊಂದರೆ ಇದೆ ನೋಡಿ."

"ಇವಳನ್ನ ಮಾತ್ರ ಯಾಕೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಾ? ಮಗು ಆಗದೇ ಇರೋದಕ್ಕೆ ಕಾರಣ ಹೆಂಗಸಿನಲ್ಲೂ ಇರಬಹುದು, ಗಂಡಸಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ಎರಡು ವರ್ಷ ಆಗಿದೆ, ಇಬ್ಬರೂ ತೋರಿಸಿಕೊಳ್ಳಬೇಕು. ಗಂಡಸಿನ ಪರೀಕ್ಷೆ ಸುಲಭ. ನೋವೂ ಇಲ್ಲ, ಸೂಜಿಯೂ ಇಲ್ಲ."

"ನಂಗೇನಾಗಿದೆ?" ಗಂಡ ಎದೆ ಸೆಟೆಸಿದ. "ಒಂದು ಮೂಟೆ ಹಿಟ್ಟನ್ನ ಒಬ್ಬನೇ ಎತ್ತಿಡ್ತೀನಿ!"

"ತೋಳಿನ ಪರೀಕ್ಷೆ ಅಲ್ಲಪ್ಪಾ ಅದು."

ಆಗ ಸೂಜಿ ಎದ್ದು ನಿಂತಳು. ಅಳು ನಿಂತಿತ್ತು.

"ರೀ, ಆವತ್ತು ಅತ್ತೆ ಬೇರೆ ದಾರಿ ನೋಡಬೇಕು ಅಂದಾಗ ಬಾಗಿಲ ಹಿಂದೆ ನಾನಿದ್ದೆ. ಒಂದೇ ಒಂದು ಮಾತು ಆಡ್ತೀರೇನೋ ಅಂತ ಕಾದೆ. ನೀವು ಆಡಲಿಲ್ಲ. ಇವತ್ತು ಎಲ್ಲರೆದುರಿಗೇ ಹೇಳ್ತೀನಿ. ಪರೀಕ್ಷೆಗೆ ಇಬ್ಬರೂ ಹೋಗೋದಾದ್ರೆ ನಾನು ಮನೆಗೆ ಬರ್ತೀನಿ. ನಾನೊಬ್ಬಳೇ ಹೋಗಬೇಕು ಅಂದ್ರೆ ಈ ಕೊಡೆ ಹಿಡ್ಕೊಂಡು ಹೀಗೇ ತವರಿಗೆ ಹೊರಟೆ."

ಅತ್ತೆ ತಲೆ ತಗ್ಗಿಸಿದರು. ಆ ಮಾತು ಸೊಸೆಗೆ ಕೇಳಿಸಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ಗಂಡ ನೆಲ ನೋಡುತ್ತಾ ನಿಂತ. ಸೆಟೆದ ಎದೆ ಇಳಿಯಿತು. ಕಡೆಗೆ, ಅಮ್ಮ ಅಪ್ಪ ಅಲ್ಲಿದ್ದಾರೆ ಅನ್ನುವುದನ್ನೂ ಮರೆತು ಹೇಳಿದ.

"ಭಯ ಕಣೇ. ನಾನು ಎದುರು ಮಾತಾಡಿದ್ರೆ, ಹಾಗಾದ್ರೆ ನೀನೇ ತೋರಿಸ್ಕೋ ಅಂತಾರೆ. ತೋರಿಸಿದ್ರೆ ತೊಂದರೆ ನನ್ನಲ್ಲೇ ಅಂತ ಬಂದುಬಿಟ್ರೆ? ಅದಕ್ಕೇ ಬೇಕರಿಯಲ್ಲಿ ಮಲಗ್ತಿದ್ದೆ. ಮೇಸ್ತ್ರಿ ಮಾತು ಒಂದು ನೆಪ." ಆಮೇಲೆ ಹೆಂಡತಿಯ ಮುಖ ನೋಡಿದ. "ನಾಳೆ ಹೋಗೋಣ. ಮೊದಲು ನಂದೇ ಆಗ್ಲಿ."

ಮಾವ ಎದ್ದು ಸೊಸೆಯ ಕೈಯಿಂದ ಕೊಡೆ ಇಸಿದುಕೊಂಡು ಮಡಚಿದರು. "ನಡೀರಿ ಮನೆಗೆ. ಇವತ್ತು ಯಾರೂ ಪಾರ್ಕಿಗೆ ಹೋಗಬೇಕಾಗಿಲ್ಲ," ಅಂದರು.

ಹೋದರು, ಇಬ್ಬರೂ ಹೋದರು. ಗಂಡನ ವೀರ್ಯಾಣುಗಳ ಸಂಖ್ಯೆ ಸ್ವಲ್ಪ ಕಮ್ಮಿ ಇತ್ತು, ಓಟವೂ ಸ್ವಲ್ಪ ನಿಧಾನವಿತ್ತು. ಡಾಕ್ಟರು ಗದರಲಿಲ್ಲ, ಹೆದರಿಸಲೂ ಇಲ್ಲ. ಸೊಂಟದ ಮಟ್ಟಕ್ಕೆ ದಿನವಿಡೀ ಒಲೆಯ ಕಾವು ಬಡಿಯುವುದು ಒಳ್ಳೆಯದಲ್ಲ, ಬೀಡಿಯಂತೂ ಬೇಡವೇ ಬೇಡ, ಬಿಗಿ ಒಳಉಡುಪು ಬಿಡು, ಕುಡಿತ ಇದ್ದರೆ ನಿಲ್ಲಿಸು ಅಂದರು. ಹೊಸ ವೀರ್ಯಾಣು ತಯಾರಾಗಲು ಮೂರು ತಿಂಗಳು ಹಿಡಿಯುತ್ತದೆ, ಆಮೇಲೆ ಮತ್ತೆ ನೋಡೋಣ ಅಂದರು. ಅವನು ಬೇಕರಿ ಮಾಲೀಕರನ್ನು ಕೇಳಿ ಒಲೆಯಿಂದ ಹಿಟ್ಟು ನಾದುವ ಮೇಜಿಗೆ ಬದಲಾದ. ಮೇಸ್ತ್ರಿಯ ಮುಖ ಊದಿತು, ಊದಿಕೊಳ್ಳಲಿ. ಸೂಜಿಗೆ ರಕ್ತ ಸ್ವಲ್ಪ ಕಮ್ಮಿ ಇತ್ತು. ಅದಕ್ಕೆ ಮಾತ್ರೆ ಕೊಟ್ಟರು. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರಾಗುವ ಮುಂಚಿನಿಂದಲೇ ದಿನಕ್ಕೊಂದು ತೆಗೆದುಕೊಂಡರೆ ಮಗುವಿನ ಮೆದುಳು ಬೆನ್ನುಹುರಿಗೆ ಒಳ್ಳೆಯದು ಅಂತ ಹೇಳಿ ಅದನ್ನೂ ಕೊಟ್ಟರು.

ಮನೆಯಲ್ಲಿ ಇನ್ನೊಂದು ಕೆಲಸವಾಯಿತು. ಮಾವ ತಾವೇ ಪೇಟೆಗೆ ಹೋಗಿ ಹೊಸ ಚಿಲಕ ತಂದು, ಒಳಬಾಗಿಲಿಗೆ ಹೊಡೆದು, ಎರಡು ಸಲ ಹಾಕಿ ತೆಗೆದು ನೋಡಿದರು. ಅತ್ತೆಗೆ ಮಾತ್ರ ಬೆರಳು ಮಡಚುವುದನ್ನು ಬಿಡಲು ಬಹಳ ಕಷ್ಟವಾಯಿತು. ಅಭ್ಯಾಸಬಲ, ಸೊಪ್ಪು ಬಿಡಿಸುತ್ತಾ ಕೂತಾಗಲೂ ಕೈ ತಾನಾಗಿ ಎಣಿಸುತ್ತಿತ್ತು. ಮಾವ ನೋಡಿ, "ಏನೇ ಅದು?" ಅಂದರೆ ಸಾಕು, ಕೈಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದರು. ಇಸ್ತ್ರಿಯವನು ಒಂದು ದಿನ ತಡೆಯಲಾರದೆ, "ಯಜಮಾನ್ರೇ, ಕೊಡೆ ಕಾಣ್ತಾನೇ ಇಲ್ವಲ್ಲ?" ಅಂದ. "ಮಳೆ ಬರಲಿ, ತರ್ತೀನಿ. ನೀನು ಬಟ್ಟೆ ಸುಡ್ತಿದ್ದೀಯ, ಅದನ್ನ ನೋಡು," ಅಂದರು ಮಾವ.

ತಿಂಗಳುಗಳು ಕಳೆದವು. ಗಂಡ ಮನೆಯಲ್ಲೇ ಮಲಗುತ್ತಿದ್ದ. ಒಳಕೋಣೆಯಿಂದ ಮತ್ತೆ ನಗು ಕೇಳಿಸತೊಡಗಿತ್ತು. ಒಂದು ಬೆಳಗ್ಗೆ ಸೂಜಿ ಅಡುಗೆಮನೆಗೆ ಬಂದು, ಅತ್ತೆಯ ಪಕ್ಕ ಕೂತು, ಮೆಲ್ಲಗೆ ವಿಷಯ ಹೇಳಿದಳು. ಆಸ್ಪತ್ರೆಯಲ್ಲಿ ನೋಡಿಸಿಯಾಗಿತ್ತು, ನರ್ಸಕ್ಕನಿಗೆ ಗೊತ್ತಾಗಿತ್ತು, ಮಾವನಿಗೂ ಗೊತ್ತಾಗಿತ್ತು. ಎಲ್ಲರಿಗಿಂತ ಕೊನೆಗೆ ತಿಳಿದದ್ದು, ಅಷ್ಟು ದಿನ ಬೆರಳೆಣಿಸಿದ ಅತ್ತೆಗೆ. ಅವರು ಸೊಸೆಯ ಎರಡೂ ಕೈ ಹಿಡಿದು ಅತ್ತರು. "ಬೇರೆ ದಾರಿ ಅಂದಿದ್ದೆನಲ್ಲೇ, ನನ್ನ ನಾಲಿಗೆಗೆ ಬೆಂಕಿ ಬೀಳ" ಅಂದರು. ಅಳು ಮುಗಿದ ಮೇಲೆ ಹಳೇ ಚಾಳಿ ಮತ್ತೆ ಇಣುಕಿತು.

"ಅಲ್ವೇ, ಅದು ಎಷ್ಟನೇ ದಿನ ಆಗಿದ್ದಿರಬಹುದು?"

"ಗೊತ್ತಿಲ್ಲ ಅತ್ತೆ," ಅಂದಳು ಸೂಜಿ. "ಯಾರೂ ಎಣಿಸಲೇ ಇಲ್ವಲ್ಲ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅತ್ತೆ ಮಾವಂದಿರೇ, ನಿಮಗೂ ಒಂದು ಮಾತು. ಮಗು ಬೇಕು ಅಂದರೆ ಒಂದೇ ದಿನಕ್ಕೆ ಜೋತು ಬೀಳಬೇಡಿ. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಸರಿಯಾದ ದಿನ ತಾನಾಗಿ ಸಿಗುತ್ತದೆ. ಎಲ್ಲ ಸರಿಯಿದ್ದರೂ ಕೆಲವು ತಿಂಗಳು ಹಿಡಿಯುತ್ತದೆ, ಗಾಬರಿ ಬೇಡ. ಒಂದು ವರ್ಷವಾದರೂ ಆಗದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಡಾಕ್ಟರ ಹತ್ತಿರ ಹೋಗಿ. ಮುಟ್ಟು ಏರುಪೇರಾಗಿದ್ದರೆ, ವಿಪರೀತ ನೋವಿದ್ದರೆ ಅಷ್ಟು ಕೂಡ ಕಾಯಬೇಡಿ. ಹೋಗುವಾಗ ಇಬ್ಬರೂ ಹೋಗಿ. ಎಷ್ಟು ಪ್ರಯತ್ನಪಟ್ಟರೂ ಕೆಲವರಿಗೆ ಆಗದೆ ಇರಬಹುದು, ಅದು ಯಾರ ತಪ್ಪೂ ಅಲ್ಲ, ಅದಕ್ಕೂ ಚಿಕಿತ್ಸೆಗಳಿವೆ, ಕೇಳಲು ನಾಚಬೇಡಿ. ಮನೆಯ ಹಿರಿಯರು ಮಾಡಬೇಕಾದ್ದು ಬಹಳವೇನಿಲ್ಲ. ಎಣಿಸುವುದನ್ನು ಬಿಡಿ, ಚುಚ್ಚುವುದನ್ನು ಬಿಡಿ. ಕೊಡೆಯನ್ನು ಮಳೆಗೆ ಇಟ್ಟುಕೊಳ್ಳಿ, ಒಳಬಾಗಿಲಿಗೆ ಒಂದು ಒಳ್ಳೆಯ ಚಿಲಕ ಹಾಕಿಸಿಕೊಡಿ.